ಮೂರೆಲೆಯನ್ನು ಹಿಡಿಯುವುದು

ಶಿಶುವಿಹಾರದ ಗೇಟಿಗೆ ಹಳದಿ ಚೀಟಿ ಬಿತ್ತು:
ಏಳು ದಿನ ರಜೆ. ಒಂದೇ ತರಗತಿಯಲ್ಲಿ
ಇಬ್ಬರಿಗೆ ಬಾಯಿಹುಣ್ಣು, ಅಂಗೈಯಲ್ಲಿ ಕೆಂಪು ಗುಳ್ಳೆ.
ಮೂರನೆಯವಳು ನಮ್ಮ ರುವೇ.
ತೈನಾನಿನಲ್ಲಿ ಜೂನ್ ಎಂದರೆ ಹೀಗೇ,
ಮಾವು ಅಗ್ಗ, ಮಕ್ಕಳಿಗೆ ಜ್ವರ.

ಈ ವೈರಸ್ಸಿನೊಡನೆ ನನ್ನದು ನಾಲ್ಕು ವರ್ಷದ ಒಡನಾಟ.
ಅದರ ಆರ್‌ಎನ್‌ಎಯ ತಲೆಬಾಗಿಲಲ್ಲೇ
ಎಂಬತ್ತೆಂಟು ಅಕ್ಷರಗಳ ಒಂದು ಮಡಿಕೆ:
ಮೂರೆಲೆ, ಒಂದು ತೊಟ್ಟು.
ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಬರೆದು ತೋರಿಸುತ್ತೇನೆ
ಎಲ್ಲಿ ಬಾಗುತ್ತದೆ, ಎಲ್ಲಿ ಜೋಡಿ ತಪ್ಪುತ್ತದೆ.
ಕಾಗದದ ಗೆರೆ ಬಿಟ್ಟರೆ
ಮುಖಾಮುಖಿ ನಾವದನ್ನು ಕಂಡಿಲ್ಲ.
ಒಂದು ಗಳಿಗೆ ಸುಮ್ಮನೆ ನಿಲ್ಲದ ವಸ್ತು,
ನಿಲ್ಲದ್ದರಿಂದ ಹರಳುಗಟ್ಟದು.

ಹಿಡಿಯೋಣವೆಂದರೆ
ಮೈತುಂಬ ಋಣ, ವಿದ್ಯುತ್ತಿನ ಲೆಕ್ಕದಲ್ಲಿ.
ಪ್ರೋಟೀನು ಹಿಡಿದು ಪಳಗಿದ ಆಂಟಿಬಾಡಿಗೆ ಇದು ಜಾರುಮೀನು.
ಅದಕ್ಕೇ ಕವೆಗೋಲಿನ ಹಿಡಿ ಮುರಿದು
ಒಂದು ಕವಲನ್ನಷ್ಟೇ ಇಟ್ಟುಕೊಂಡೆವು.
ಬೆರಳ ತುದಿಗಳಲ್ಲಿ ಟೈರೋಸಿನ್, ಸೆರಿನ್,
ಅಲ್ಲೊಂದು ಇಲ್ಲೊಂದು ಅರ್ಜಿನಿನ್.
ಅಷ್ಟು ಋಣವನ್ನು ಮಾತಾಡಿಸಲು
ನಮ್ಮ ಕೈಯಲ್ಲೂ ಸ್ವಲ್ಪ ಧನ ಬೇಡವೇ?

ಹತ್ತು ಶತಕೋಟಿ ಫೇಜುಗಳು,
ಒಂದೊಂದರ ಮೂತಿಗೂ ಬೇರೆಬೇರೆ ಕೈ.
ಮೂರೆಲೆ ಕಟ್ಟಿದ ಅಯಸ್ಕಾಂತದ ಮಣಿಗಳ ನಡುವೆ ಬಿಟ್ಟು
ತೊಳೆದೆವು. ಮತ್ತೆ ತೊಳೆದೆವು.
ಮೊದಲ ಸಲ ಸಿಕ್ಕಿದ್ದು ಪ್ಲಾಸ್ಟಿಕ್ಕಿಗೆ ಅಂಟುವ ಕೈ.
ಎರಡನೆಯದು ಕಂಡಕಂಡ ಆರ್‌ಎನ್‌ಎಗೆಲ್ಲ ಕೈಚಾಚಿ
ನಮಗೆ ಕೈಕೊಟ್ಟಿತು.
ಮೂರನೆಯ ಸಲ ಮೂರೆಲೆಯೇ ನಾಪತ್ತೆ, ನುಚ್ಚುನೂರು:
ಯಾರೋ ಕೈಗವಸು ತೊಟ್ಟೇ ಕತ್ತು ಕೆರೆದುಕೊಂಡು
ಅದೇ ಬೆರಳಲ್ಲಿ ಟ್ಯೂಬಿನ ಬಾಯಿ ಮುಟ್ಟಿದ್ದರು.
ಯಾರೋ ಎಂದರೆ ನಾನೇ.

ಅಂದಿನಿಂದ ಯಂತ್ರದ ನೆತ್ತಿಯ ಮೇಲೆ ಹಸಿರು ಪೊಟ್ಟಣ,
ಜೋಳದ ಕುರುಕಲು, ತೆಂಗಿನ ರುಚಿ,
ಹೆಸರಿನ ಅರ್ಥವೇ ‘ಜಾಣಮರಿಯಂತಿರು’.
ಹಸಿರೇ ಆಗಬೇಕು, ಹಳದಿಗೆ ಯಂತ್ರ ಮುನಿಯುತ್ತದೆ;
ತಾರೀಖು ಮೀರಬಾರದು, ಯಾರೂ ತಿನ್ನಬಾರದು.
ಇದು ನಮ್ಮ ಲಾಯ್‌ನ ಶಾಸ್ತ್ರ.
ಪ್ರೊಫೆಸರ್ ಔಯಾಂಗ್ ನೋಡಿಯೂ ನೋಡದ ಹಾಗೆ ನಡೆಯುತ್ತಾರೆ.
ಆದರೆ ತಾರೀಖು ಮುಗಿಯುವ ಮುನ್ನಾದಿನ
ಹೊಸ ಪೊಟ್ಟಣ ಬಂದು ಕೂತಿರುತ್ತದೆ.
ತಂದವರು ಯಾರೆಂದು ಲಾಯ್ ಕೇಳಿಲ್ಲ.

ಏಳನೆಯ ತಟ್ಟೆಯ ಸಿ-ಹನ್ನೊಂದು.
ತೊಳೆದರೂ ಬಿಡಲಿಲ್ಲ, ಉಪ್ಪಿಗೂ ಬಿಡಲಿಲ್ಲ.
ಮೂರೆಲೆಯ ಎರಡನೆಯ ಎಲೆಯ ತುದಿ ಕಚ್ಚಿಕೊಂಡು
ಆರು ವಾರ ಹನಿಯೊಳಗೆ ಕೂತಿತು,
ನುಚ್ಚಕ್ಕಿಗಿಂತ ಸಣ್ಣ ಹರಳಾಯಿತು.
ದ್ರವ ಸಾರಜನಕದ ಹಂಡೆ ಹೊತ್ತು
ಲಾಯ್ ಇವತ್ತು ಶಿನ್‌ಚುವಿನಲ್ಲಿದ್ದಾನೆ.
ಎಕ್ಸ್‌ರೇ ಕಿರಣ ನಮ್ಮ ಪಾಲಿಗೆ ರಾತ್ರಿ ಎರಡರಿಂದ ಆರು.
ನಾನೂ ಹೋಗಬೇಕಿತ್ತು.

ಇಲ್ಲಿ ಮೂವತ್ತೊಂಬತ್ತು ಡಿಗ್ರಿ.
ಉಗುಳು ನುಂಗಲಾರದೆ ಗಲ್ಲದ ಮೇಲೆ ಜೊಲ್ಲು.
ತಣ್ಣಗಿನ ಸೋಯಾ ಗಿಣ್ಣು ತಂದ ಅತ್ತೆ
ಚಮಚ ಹಿಡಿದು ಕೇಳುತ್ತಾಳೆ:
‘ಇಷ್ಟು ವರ್ಷ ಇದನ್ನೇ ಮಾಡಿದೆಯಲ್ಲ, ಔಷಧಿ ಎಲ್ಲಿ?’
ಇದು ಔಷಧಿಯಲ್ಲ, ಎಂದೆ. ಹಿಡಿದುಕೊಳ್ಳುತ್ತದೆ, ಅಷ್ಟೆ.
ಅಲುಗದ ಹಾಗೆ. ಮುಖ ಕಾಣುವ ಹಾಗೆ.
ಮುಖ ಕಂಡ ಮೇಲೆ ಯಾರೋ, ಯಾವತ್ತೋ...
‘ಸರಿ,’ ಎಂದಳು, ‘ಹಾಗಾದರೆ ಇವಳನ್ನು ಹಿಡಿದುಕೋ.’

ಹಿಡಿದುಕೊಂಡೆ. ಹದಿನಾರು ಕೆಜಿ ಸಿಟ್ಟು,
ಕಾದ ಬೆನ್ನು ನನ್ನ ಎದೆಗೆ,
ಎರಡು ಮಣಿಕಟ್ಟು ನನ್ನ ಒಂದು ಮುಷ್ಟಿಯಲ್ಲಿ,
ಹಣೆ ಇನ್ನೊಂದು ಅಂಗೈಯಲ್ಲಿ.
ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು
ಯಾವ ಪುಸ್ತಕದಲ್ಲೂ ಓದಿರಲಿಲ್ಲ.
ಅರ್ಧ ಚಮಚ ಒಳಗೆ, ಅರ್ಧ ನನ್ನ ತೋಳಿನ ಮೇಲೆ.

ಮೂರೂ ಹತ್ತಕ್ಕೆ ಮೇಜಿನ ಮೇಲೆ ಫೋನು ನಡುಗಿತು.
ನನ್ನ ಎರಡು ಕೈಯೂ ತುಂಬಿದ್ದವು.
ಅತ್ತೆ ಎತ್ತಿ, ಕನ್ನಡಕ ಏರಿಸಿ, ದೂರ ಹಿಡಿದು ನೋಡಿದಳು.
‘ಲಾಯ್ ಏನೋ ಚಿತ್ರ ಕಳಿಸಿದ್ದಾನೆ.
ಬರೀ ಚುಕ್ಕಿ, ಅಂಚಿನವರೆಗೂ ಚುಕ್ಕಿ.
ಪಾಪ, ಇದು ಯಾರ ಮಗು?’